ತುರ್ತು ಪರಿಸ್ಥಿತಿಯನ್ನು ಮೆಚ್ಚಿಕೊಂಡವರು

1977ರ ಮಾರ್ಚ್ ತಿಂಗಳಲ್ಲಿ ನಡೆದ ಲೋಕಸಭಾ ಚುನಾವಣೆಯ ಕುರಿತು ನಾವು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಭಾರತದ ಜನತೆ ಸರ್ವಾಧಿಕಾರವನ್ನು ತಿರಸ್ಕರಿಸಿತು. ಮಾತು ಸುಳ್ಳಲ್ಲ. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಬಿಹಾರದ 54ರಲ್ಲಿಯೂ ಸೊನ್ನೆ. ರಾಯಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿಯವರೇ ಸೋತರು. ಆದರೆ ಅದೇ ಪಟ್ಟಿಯನ್ನು ಸ್ವಲ್ಪ ಕೆಳಗಿನವರೆಗೆ ಓದಿದರೆ ಬೇರೆಯೇ ಲೆಕ್ಕ ಕಾಣುತ್ತದೆ. ಆಂಧ್ರಪ್ರದೇಶದ 42ರಲ್ಲಿ 41 ಕಾಂಗ್ರೆಸ್ಸಿಗೆ. ಕೇರಳದ 20ಕ್ಕೆ 20 ಸ್ಥಾನವೂ ಕಾಂಗ್ರೆಸ್ ಇದ್ದ ಮೈತ್ರಿಕೂಟಕ್ಕೆ. ನಮ್ಮ ಕರ್ನಾಟಕದಲ್ಲಿ 28ರಲ್ಲಿ 26.

ಈ 26ರ ಬಗ್ಗೆ ನಾವು ಹೆಚ್ಚು ಮಾತನಾಡುವುದಿಲ್ಲ. ಪ್ರತಿ ವರ್ಷ ಜೂನ್ 25 ಬಂದಾಗ ಜೈಲಿಗೆ ಹೋದವರ ನೆನಪುಗಳು ಪತ್ರಿಕೆಗಳಲ್ಲಿ ಬರುತ್ತವೆ. 2024ರಿಂದ ಕೇಂದ್ರ ಸರಕಾರವು ಆ ದಿನಕ್ಕೆ ಸಂವಿಧಾನ ಹತ್ಯೆಯ ದಿನ ಎಂಬ ಹೆಸರನ್ನೂ ಕೊಟ್ಟಿದೆ. ಭಾಷಣಗಳನ್ನು ಕೇಳಿದರೆ ಆಗ ಈ ದೇಶದಲ್ಲಿದ್ದವರೆಲ್ಲ ತುರ್ತು ಪರಿಸ್ಥಿತಿಯ ವಿರೋಧಿಗಳೇ ಆಗಿದ್ದರು ಎನ್ನಬೇಕು. ಹಾಗಾದರೆ ಆ 26 ಸ್ಥಾನಗಳಿಗೆ ಮತ ಹಾಕಿದವರು ಯಾರು? ಅವರಲ್ಲಿ ಕೆಲವರನ್ನು ನಾನು ಬಲ್ಲೆ. ಒಬ್ಬರು ನನ್ನ ಅಜ್ಜ. ಇನ್ನೊಬ್ಬರು ನಮ್ಮ ಪಕ್ಕದ ಮನೆಯ ಬ್ಯಾರಿ. ಮತ್ತೊಬ್ಬರು ಶಾಲಾ ಮಾಸ್ತರರಾಗಿದ್ದ ನನ್ನ ಸೋದರಮಾವ. ಮೂವರೂ ಮೂರ್ಖರಾಗಿರಲಿಲ್ಲ, ಹೆದರುಪುಕ್ಕಲರೂ ಆಗಿರಲಿಲ್ಲ. ಯಾರೂ ಇವರಿಗೆ ಹಣ ಕೊಟ್ಟಿರಲಿಲ್ಲ.

ನಮ್ಮದು ದಕ್ಷಿಣ ಕನ್ನಡದ ಒಂದು ಒಕ್ಕಲು ಕುಟುಂಬ. ಎರಡೂವರೆ ಎಕರೆ ಗದ್ದೆ, ಚಾಲಗೇಣಿ. ಮೂಲಗೇಣಿಯವರಿಗಾದರೂ ಭೂಮಿಯ ಮೇಲೆ ಒಂದು ಬಗೆಯ ಶಾಶ್ವತ ಹಕ್ಕಿತ್ತು. ಚಾಲಗೇಣಿಯೆಂದರೆ ಧನಿಗಳ ಮನಸ್ಸು ಇರುವವರೆಗೆ. ಏಣೇಲು, ಸುಗ್ಗಿ ಎರಡು ಬೆಳೆ ತೆಗೆದರೂ ಗೇಣಿ ಅಳೆದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದ ಅಕ್ಕಿ ಆಟಿ ತಿಂಗಳಿಗೆ ಮುಟ್ಟುತ್ತಿರಲಿಲ್ಲ. ಅದು ಹೋಗಲಿ, ಬಡತನ ಎಲ್ಲರಿಗೂ ಇತ್ತು. ಅಜ್ಜ ಬಡತನದ ಬಗ್ಗೆ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ಅವರು ಹೇಳುತ್ತಿದ್ದುದು ಅಂಗಳದ ಬಗ್ಗೆ. ಧನಿಗಳ ಮನೆಗೆ ಹೋದರೆ ಚಾವಡಿಗೆ ಹತ್ತುವಂತಿಲ್ಲ, ಅಂಗಳದಲ್ಲೇ ನಿಲ್ಲಬೇಕು. ಹೆಗಲ ಮೇಲಿನ ಬೈರಾಸನ್ನು ಕಂಕುಳಿಗೆ ಇಳಿಸಬೇಕು. ಹಬ್ಬಕ್ಕೆ ಬಾಳೆಗೊನೆ, ತರಕಾರಿ ಹೊತ್ತು ಒಪ್ಪಿಸಬೇಕು. ಮನೆಯಲ್ಲಿ ಮದುವೆಯಿದ್ದರೆ ಮೊದಲು ಅಲ್ಲಿ ಹೋಗಿ ಹೇಳಬೇಕು, ಹೇಳುವುದೆಂದರೆ ಕೇಳುವುದು. ನನ್ನ ತಂದೆಯನ್ನು ಎಂಟನೆಯ ತರಗತಿಗೆ ಸೇರಿಸಿದಾಗ, "ಓದಿಸಿ ಇವನನ್ನು ಕಲೆಕ್ಟರ್ ಮಾಡುತ್ತೀಯೋ?" ಎಂದು ಧನಿಗಳು ನಗುತ್ತಲೇ ಕೇಳಿದ್ದರಂತೆ. ಆ ನಗುವನ್ನು ಅಜ್ಜ ಸಾಯುವವರೆಗೂ ಮರೆಯಲಿಲ್ಲ.

ಧನಿಗಳು ಕ್ರೂರಿಗಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಾಯಿಲೆಗೆ ಮದ್ದು ಕೊಡಿಸಿದ್ದರು, ಒಂದು ವರ್ಷ ನೆರೆ ಬಂದಾಗ ಗೇಣಿ ಬಿಟ್ಟಿದ್ದರು. ಆದರೆ ಕೊಡುವುದೂ ಬಿಡುವುದೂ ಅವರ ಇಷ್ಟ. ಎದುರು ಮಾತಾಡಿದರೆ ಒಕ್ಕಲೆಬ್ಬಿಸಬಹುದು. ನಮ್ಮ ಭಾಷೆಯಲ್ಲಿ ಈ ಕ್ರಿಯೆಗೇ ಒಂದು ಪ್ರತ್ಯೇಕ ಪದ ಹುಟ್ಟಿಕೊಂಡಿರುವುದನ್ನು ಗಮನಿಸಿ.

ಇಂತಹ ಅಜ್ಜನಿಗೆ 1976ರಲ್ಲಿ ಭೂ ನ್ಯಾಯಮಂಡಳಿಯ ಮುಂದೆ ಕರೆ ಬಂತು. ಟ್ರಿಬ್ಯೂನಲ್ ಎಂದರೆ ಒಬ್ಬರು ಅಸಿಸ್ಟೆಂಟ್ ಕಮಿಷನರ್, ಅವರ ಜೊತೆ ಸರಕಾರ ನೇಮಿಸಿದ ನಾಲ್ಕು ಮಂದಿ ಸದಸ್ಯರು. ವಕೀಲರಿಗೆ ಪ್ರವೇಶವಿಲ್ಲ. ಇದು ಎಷ್ಟು ದೊಡ್ಡ ವಿಷಯವೆಂದು ಕೋರ್ಟಿನ ಮೆಟ್ಟಿಲು ಹತ್ತಿದ ಬಡವರಿಗೆ ಮಾತ್ರ ಗೊತ್ತು. ಧನಿಗಳ ಕಡೆಯಿಂದಲೂ ವಕೀಲರಿಲ್ಲ, ಅಜ್ಜನ ಕಡೆಯಿಂದಲೂ ಇಲ್ಲ. ಇಬ್ಬರೂ ತಂತಮ್ಮ ಬಾಯಿಂದಲೇ ಹೇಳಬೇಕು. ಅಜ್ಜ ಅಭ್ಯಾಸಬಲದಿಂದ ನಿಂತೇ ಇದ್ದರಂತೆ. ಆಫೀಸರು "ಕೂತುಕೊಳ್ಳಿ" ಎಂದರು. ಅಜ್ಜ ಕೂರಲಿಲ್ಲ. ಎರಡನೆಯ ಸಲ ಹೇಳಿದಾಗ ಧನಿಗಳ ಕಡೆಗೆ ನೋಡಿದರು. ಮೂರನೆಯ ಸಲ ಆಫೀಸರಿಗೆ ಸಿಟ್ಟೇ ಬಂತು: "ಅವರನ್ನು ಯಾಕೆ ನೋಡುತ್ತೀರಿ? ಕುರ್ಚಿ ಸರಕಾರದ್ದು." ಅಜ್ಜ ಕೂತರು. ಜಾಗ ಡಿಕ್ಲರೇಶನ್ ಆದದ್ದಕ್ಕಿಂತ ಹೆಚ್ಚು ಸಲ ಅವರು ಈ ಕುರ್ಚಿಯ ಕಥೆಯನ್ನೇ ನಮಗೆ ಹೇಳಿದ್ದಾರೆ.

ಈಗ ಇಂಥ ಮನುಷ್ಯನ ಹತ್ತಿರ ಹೋಗಿ, ಈ ದೇಶದಲ್ಲಿ ಸ್ವಾತಂತ್ರ್ಯ ಹೋಗಿದೆ, ಪತ್ರಿಕೆಗಳ ಬಾಯಿ ಮುಚ್ಚಿಸಿದ್ದಾರೆ, ವಿಚಾರಣೆಯಿಲ್ಲದೆ ಜನರನ್ನು ಜೈಲಿಗೆ ಹಾಕಿದ್ದಾರೆ ಎಂದರೆ ಏನಾಗುತ್ತದೆ? ಹೇಳಿದವರು ನನ್ನ ತಂದೆಯೇ. ಅವರು ಆಗ ಮಂಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತರು, ಸಮಾಜವಾದಿಗಳ ಸಹವಾಸ ಸ್ವಲ್ಪ ಇತ್ತು. ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಧನಿಗಳ ಎದುರು ಬಾಯಿ ತೆರೆಯುವ ಸ್ವಾತಂತ್ರ್ಯ ನನಗೆ ಯಾವಾಗ ಇತ್ತು ಮಗಾ, ಇಂದಿರಮ್ಮ ಅದನ್ನು ತೆಗೆಯಲಿಕ್ಕೆ?"

ಸರ್ವಾಧಿಕಾರವನ್ನು ಜನ ಏಕೆ ಬೆಂಬಲಿಸುತ್ತಾರೆಂಬ ಪ್ರಶ್ನೆಗೆ ವಿದ್ವಾಂಸರು ಬರೆದ ಉತ್ತರಗಳು ಬಹಳ ಇವೆ. ಭಯ, ಪ್ರಚಾರ, ಅಜ್ಞಾನ, ಗುಂಪಿನ ಮನಸ್ಸು. ಅಜ್ಜನ ಈ ಮಾತಿಗೆ ಅವುಗಳಲ್ಲಿ ಜಾಗವಿಲ್ಲ ಎಂದು ನನಗೆ ಅನಿಸುತ್ತದೆ. ಅವರು ಸರ್ವಾಧಿಕಾರವನ್ನು ಕಂಡೇ ಇರಲಿಲ್ಲವೆಂದಲ್ಲ. ಹುಟ್ಟಿದಂದಿನಿಂದ ಅವರು ಕಂಡದ್ದು ಅದನ್ನೇ, ಅದೂ ಕೂಗಳತೆಯ ದೂರದಲ್ಲಿ. ದಿಲ್ಲಿಯಲ್ಲೊಬ್ಬ ದೊಡ್ಡ ಧನಿ ಬಂದು ಊರಿನ ಧನಿಯನ್ನು ಕೆಳಗಿಳಿಸಿದರೆ ಒಕ್ಕಲು ಯಾರ ಪಕ್ಷ ವಹಿಸಬೇಕು?

ನೆರೆಮನೆಯ ಬ್ಯಾರಿಯದ್ದೂ ಇದೇ ಕಥೆ. ಅದೇ ಧನಿಗಳ ಒಕ್ಕಲು, ಒಂದೂಕಾಲು ಎಕರೆ, ಅದೇ ವರ್ಷ ಡಿಕ್ಲರೇಶನ್. ವ್ಯತ್ಯಾಸವೇನೆಂದರೆ ಅವರ ತಮ್ಮ ಬೊಂಬಾಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದ. 1976ರ ಕೊನೆಯಲ್ಲಿ ಊರಿಗೆ ಬಂದವನು ಅಲ್ಲಿ ಹರಿದಾಡುತ್ತಿದ್ದ ಸುದ್ದಿಗಳನ್ನೆಲ್ಲ ತಂದಿದ್ದ. ಆಪರೇಷನ್ನಿಗೆ ಜನರನ್ನು ಹಿಡಿದೊಯ್ಯುತ್ತಾರೆ, ದಿಲ್ಲಿಯಲ್ಲಿ ಮಸೀದಿಯ ಹತ್ತಿರ ಮನೆಗಳನ್ನು ಕೆಡವಿ ಗೋಲಿಬಾರ್ ಮಾಡಿದ್ದಾರೆ. ಇದು ಯಾವ ಪತ್ರಿಕೆಯಲ್ಲಿಯೂ ಬಂದಿರಲಿಲ್ಲ. ಬ್ಯಾರಿಯವರು ತಮ್ಮನಿಗೆ ಬೈದರು. "ಬೊಂಬಾಯಿಯ ಸುದ್ದಿ ಬೊಂಬಾಯಿಯಲ್ಲೇ ಇರಲಿ. ಇಲ್ಲಿ ಯಾರ ಎದುರೂ ಹೇಳಬೇಡ" ಎಂದರು. ಅದು ಹೆದರಿಕೆ ಎಂದು ನಾವು ಅಂದುಕೊಳ್ಳಬಹುದು. ಆದರೆ ನನ್ನ ತಂದೆಯ ಹತ್ತಿರ ಅವರು ಹೇಳಿದ್ದು ಬೇರೆ. ಪಕ್ಕದ ಪೇಟೆಯಲ್ಲಿ ಅವರಿಗೆ ಗೊತ್ತಿದ್ದ ಒಬ್ಬರನ್ನು ಪೊಲೀಸರು ಹಿಡಿದಿದ್ದರು. 1975ರ ಜುಲೈ 4ರಂದು ಸರಕಾರ ನಿಷೇಧಿಸಿದ ಸಂಘಟನೆಗಳಲ್ಲಿ ಆರೆಸ್ಸೆಸ್ ಜೊತೆಗೆ ಜಮಾಅತೆ ಇಸ್ಲಾಮಿಯೂ ಇತ್ತಲ್ಲ, ಇವರು ಆ ಕಡೆಯವರು. "ಅವರು ಇರುವೆಗೂ ನೋವು ಮಾಡದ ಮನುಷ್ಯ. ಏನೋ ತಪ್ಪಿ ಹಿಡಿದಿರಬೇಕು ಮಾರಾಯ್ರೆ. ಇಂದಿರಮ್ಮನಿಗೆ ಗೊತ್ತಾದರೆ ಬಿಡಿಸುತ್ತಾರೆ" ಎಂದಿದ್ದರು.

ಇಂದಿರಮ್ಮನಿಗೆ ಗೊತ್ತಾದರೆ! ಈ ಒಂದು ಮಾತಿನಲ್ಲಿ ಎಷ್ಟೊಂದು ಅಡಗಿದೆ. ಒಳ್ಳೆಯದಾದರೆ ಅದು ಮೇಲಿನವರ ದಯೆ, ಕೆಟ್ಟದಾದರೆ ಅದು ನಡುವಿನವರ ತಪ್ಪು. ಭೂಮಿ ಕೊಟ್ಟದ್ದು ಇಂದಿರಮ್ಮ, ಅಮಾಯಕನನ್ನು ಹಿಡಿದದ್ದು ಸಬ್ ಇನ್‌ಸ್ಪೆಕ್ಟರ್. ಹಿಂದೆ ಅರಸರ ಕಾಲದಲ್ಲಿ ಪ್ರಜೆಗಳು ಹೀಗೆಯೇ ನಂಬಿದ್ದರು. ಈಗಿನ ಕಾಲದಲ್ಲೂ ಹೆಸರು ಮಾತ್ರ ಬದಲಾಗಿದೆ: ನಾಯಕರು ಒಳ್ಳೆಯವರು, ಸುತ್ತ ಇರುವವರು ಸರಿಯಿಲ್ಲ ಎಂದು ನೀವೂ ಕೇಳಿರುತ್ತೀರಿ.

ನನ್ನ ಸೋದರಮಾವನ ಬೆಂಬಲ ಮಾತ್ರ ಇವರಿಬ್ಬರ ಬೆಂಬಲದಂತಲ್ಲ. ಅವರಿಗೆ ಭೂಮಿ ಸಿಗಲಿಲ್ಲ, ಸಿಗಬೇಕಾದದ್ದೂ ಇರಲಿಲ್ಲ. ಅವರ ಸಂತೋಷ ಶಿಸ್ತಿನದ್ದು. ರೈಲು ಹೊತ್ತಿಗೆ ಸರಿಯಾಗಿ ಬರುತ್ತಿದೆ, ಕಚೇರಿಯಲ್ಲಿ ಗುಮಾಸ್ತರು ಹತ್ತು ಗಂಟೆಗೆ ಕುರ್ಚಿಯಲ್ಲಿರುತ್ತಾರೆ, ಅಂಗಡಿಯ ಮುಂದೆ ಬೆಲೆಪಟ್ಟಿ ತೂಗುತ್ತಿದೆ, ಮುಷ್ಕರವಿಲ್ಲ, ಮೆರವಣಿಗೆಯಿಲ್ಲ. "ಈ ದೇಶಕ್ಕೆ ಇದೇ ಬೇಕು" ಎಂದು ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ವಿನೋಬಾ ಭಾವೆಯವರೇ ಇದನ್ನು ಅನುಶಾಸನ ಪರ್ವವೆಂದು ಕರೆದಿದ್ದಾರೆಂದು ಪ್ರಚಾರವಾಗಿತ್ತು. ಮಾವನಿಗೆ ಅಷ್ಟು ಸಾಕಿತ್ತು. ಬೆಲೆ ಏರಿಕೆ 1974ರ ಕೊನೆಯಲ್ಲಿಯೇ ತಗ್ಗತೊಡಗಿತ್ತು, 1975ರ ಮಳೆ ಚೆನ್ನಾಗಿತ್ತು, ಕಾರ್ಮಿಕರ ಕನಿಷ್ಠ ಬೋನಸ್ಸನ್ನು ಶೇಕಡಾ 8.33ರಿಂದ 4ಕ್ಕೆ ಇಳಿಸಿದ್ದರು. ಇವು ಮಾವನ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಅವರ ಸಂತೋಷದಲ್ಲಿ ಇನ್ನೊಬ್ಬರಿಗೆ ಬೈಗುಳ ಬೀಳುವುದನ್ನು ನೋಡುವ ಸುಖವೂ ಸ್ವಲ್ಪ ಇತ್ತೆಂದು ನನ್ನ ಗುಮಾನಿ. ತಾಲೂಕು ಕಚೇರಿಯಲ್ಲಿ ತನ್ನನ್ನು ಸತಾಯಿಸಿದ ಗುಮಾಸ್ತ ಈಗ ಹೆದರಿ ಎದ್ದು ನಿಲ್ಲುತ್ತಾನೆ!

ಮಾವನ ಉತ್ಸಾಹ ಇಳಿದದ್ದು ಕುಟುಂಬ ಯೋಜನೆಯ 'ಕೇಸು' ತರಬೇಕೆಂದು ಮಾಸ್ತರರಿಗೂ ಗುರಿ ನಿಗದಿಯಾದಾಗ. ಇಷ್ಟು ಕೇಸು ತರದಿದ್ದರೆ ಇಂಕ್ರಿಮೆಂಟ್ ಇಲ್ಲ. ಉತ್ತರ ಭಾರತದಲ್ಲಿ ನಡೆದಂಥ ದೌರ್ಜನ್ಯ ನಮ್ಮ ಕಡೆ ನಡೆಯಲಿಲ್ಲ, ಆದರೆ ಗುರಿ ಇಲ್ಲಿಗೂ ಬಂದಿತ್ತು. ಶಾಲೆ ಬಿಟ್ಟ ಮೇಲೆ ಅವರು ಮಕ್ಕಳ ತಂದೆಯರನ್ನು ಹುಡುಕಿಕೊಂಡು ಗುಡ್ಡ ಹತ್ತಿ ಇಳಿಯುತ್ತಿದ್ದರು. ಮಾಸ್ತರು ಬರುವುದನ್ನು ಕಂಡರೆ ಜನ ಹಟ್ಟಿಯ ಹಿಂದೆ ಅಡಗುತ್ತಿದ್ದರು. ಊರಿನಲ್ಲಿ ಎಲ್ಲರ ಗೌರವ ಪಡೆದಿದ್ದ ಮನುಷ್ಯನಿಗೆ ಅದು ದೊಡ್ಡ ಪೆಟ್ಟು. ಆದರೂ 1977ರಲ್ಲಿ ಅವರ ಮತ ಹಸು-ಕರುವಿಗೇ ಬಿತ್ತು. ಬೇರೆಯವರು ಬಂದರೆ ಮತ್ತೆ ಗಲಾಟೆ ಶುರುವಾಗುತ್ತದೆ ಎಂಬುದು ಅವರ ಕಾರಣ. ಅಜ್ಜನ ಬೆಂಬಲಕ್ಕೆ ನಾನು ತಲೆಬಾಗುತ್ತೇನೆ. ಮಾವನ ಬೆಂಬಲಕ್ಕೆ ನನ್ನಲ್ಲಿ ಅಂಥ ಗೌರವವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ವಿರೋಧಿಸಿದವರೆಲ್ಲ ಪ್ರಜಾಪ್ರಭುತ್ವದ ಪ್ರೇಮಿಗಳಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಧನಿಗಳ ಮನೆಯವರು ತುರ್ತು ಪರಿಸ್ಥಿತಿಯ ಕಡು ವಿರೋಧಿಗಳಾದರು. ಅರಸು ಮತ್ತು ಇಂದಿರಾ ಇಬ್ಬರನ್ನೂ ಶಪಿಸುತ್ತಿದ್ದರು. ಗದ್ದೆ ಹೋಗದೆ ಇದ್ದಿದ್ದರೆ ಶಪಿಸುತ್ತಿದ್ದರೆಂದು ನಾನು ನಂಬುವುದಿಲ್ಲ. ಇನ್ನು, ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟು ಕೊಯ್ಲು ಮಾಡುತ್ತಿದ್ದ ದಲಿತ ಕೂಲಿಯಾಳುಗಳಿಗೆ ಈ ಕಾನೂನಿನಿಂದ ಗದ್ದೆ ಸಿಗಲಿಲ್ಲ. ಕಾನೂನು ಗೇಣಿದಾರನನ್ನು ನೋಡಿತ್ತೇ ಹೊರತು ಕೂಲಿಯವನನ್ನಲ್ಲ. ಆದರೂ ಅವರೂ ಹಸು-ಕರುವಿಗೇ ಮತ ಹಾಕಿದರು. ಜೀತ ರದ್ದಾಯಿತು, ಸಾಲ ಮನ್ನಾದ ಕಾನೂನು ಬಂತು, ಮನೆ ಕಟ್ಟಿಕೊಳ್ಳಲು ಐದು ಸೆಂಟ್ಸ್ ಸಿಗುತ್ತದೆಂಬ ಆಸೆ ಹುಟ್ಟಿತು. ಅವರ ಪಾಲಿಗೆ ನನ್ನ ಅಜ್ಜನೂ ಒಬ್ಬ ಸಣ್ಣ ಧನಿಯೇ ಆಗಿದ್ದಿರಬಹುದು.

ಈಗ ದಿಲ್ಲಿಗೆ ಬರೋಣ. ಅಜ್ಜ ಟ್ರಿಬ್ಯೂನಲಿನ ಕುರ್ಚಿಯಲ್ಲಿ ಕೂತ ಅದೇ 1976ರ ಏಪ್ರಿಲ್ ತಿಂಗಳಲ್ಲಿ, ಹಳೆ ದಿಲ್ಲಿಯ ತುರ್ಕ್‌ಮಾನ್ ಗೇಟ್ ಬಳಿ ಬುಲ್ಡೋಜರುಗಳು ಮನೆಗಳನ್ನು ಕೆಡವುತ್ತಿದ್ದವು. ಬಡ ಮುಸ್ಲಿಮರು ತಲೆತಲಾಂತರದಿಂದ ವಾಸವಿದ್ದ ಬಡಾವಣೆ. ಹತ್ತಿರದಲ್ಲಿಯೇ ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರ. 19ರಂದು ಜನ ಎದುರು ನಿಂತರು, ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಮನೆ ಕಳೆದುಕೊಂಡವರನ್ನು ಯಮುನೆಯ ಆಚೆಗೆ ತ್ರಿಲೋಕಪುರಿ, ನಂದನಗರಿ ಎಂಬಲ್ಲಿಗೆ ಸಾಗಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಮುಜಫ್ಫರನಗರದಲ್ಲಿ ಸಂತಾನಹರಣದ ವಿರುದ್ಧ ಸೇರಿದ ಜನರ ಮೇಲೆ ಗೋಲಿಬಾರ್ ಆಯಿತು. 1975-76ರಲ್ಲಿ ದೇಶದಲ್ಲಿ 26 ಲಕ್ಷದಷ್ಟಿದ್ದ ಈ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಮರುವರ್ಷ 81 ಲಕ್ಷ ದಾಟಿತು. ಸಂಖ್ಯೆ ಹಾಗೆ ಮೂರು ಪಟ್ಟು ಏರಬೇಕಾದರೆ ಯಾರ ಕೈ ಹಿಡಿದು ಎಳೆದರು ಎಂದು ಕೇಳಬೇಕಾಗಿಲ್ಲ. ಅದೇ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವನು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಬರುವ ಹಕ್ಕಿಲ್ಲವೆಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು.

ದಿಲ್ಲಿ ದೂರವೆಂದು ಬಿಡೋಣ. ಬೆಂಗಳೂರು ದೂರವೇ? 'ಸಂಸ್ಕಾರ' ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿದರು. ಸ್ಥಿತಿ ವಿಷಮಿಸಿದ ಮೇಲೆ ಪೆರೋಲ್ ಸಿಕ್ಕಿತು, 1977ರ ಜನವರಿ 20ರಂದು ತೀರಿಕೊಂಡರು. ಜಾರ್ಜ್ ಫೆರ್ನಾಂಡಿಸ್ ಎಲ್ಲಿದ್ದಾರೆಂದು ತಿಳಿಯಲು ಅವರ ತಮ್ಮ ಲಾರೆನ್ಸ್ ಅವರನ್ನು 1976ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಿಡಿದು ಕೈಕಾಲು ಮುರಿಯುವಂತೆ ಹಿಂಸಿಸಿದರು. ಭೂಮಿ ಹಂಚಿದ ಸರಕಾರವೂ ಆ ಪೊಲೀಸರ ಸರಕಾರವೂ ಬೇರೆಬೇರೆಯಲ್ಲ. ಜಾರ್ಜ್ ಮಂಗಳೂರಿನವರು. ಅವರನ್ನು ಕೈಕೋಳ ಹಾಕಿದ ಚಿತ್ರವನ್ನು ನೋಡಿ ಬಿಹಾರದ ಮುಜಫ್ಫರಪುರದ ಜನ ಜೈಲಿನಲ್ಲಿದ್ದವರನ್ನೇ ಭಾರೀ ಬಹುಮತದಿಂದ ಗೆಲ್ಲಿಸಿದರು. ಅವರ ಹುಟ್ಟೂರು ಮಂಗಳೂರು ಗೆಲ್ಲಿಸಿದ್ದು ಅವರನ್ನು ಜೈಲಿಗೆ ಹಾಕಿದ ಪಕ್ಷದ ಜನಾರ್ದನ ಪೂಜಾರಿಯವರನ್ನು. ನನ್ನ ಅಜ್ಜನ ಮತವೂ ಅದರಲ್ಲಿತ್ತು.

ತಂದೆಗೂ ಅಜ್ಜನಿಗೂ ಈ ವಿಷಯದಲ್ಲಿ ಬಹಳ ವರ್ಷ ಜಗಳ ನಡೆಯಿತು. ಆ ಗದ್ದೆಯ ಅನ್ನ ಉಂಡು, ಅದರ ಅಡಿಕೆ ಮಾರಿದ ಹಣದಲ್ಲಿ ಕಾಲೇಜು ಓದಿದವನು ನಾನು. ಕೃತಜ್ಞತೆ ಎಂಬ ಪದ ನಮ್ಮ ಮನೆಯಲ್ಲಿ ಪುಸ್ತಕದ ಪದವಾಗಿರಲಿಲ್ಲ. ಆದರೂ ಅಜ್ಜನ ಲೆಕ್ಕದಲ್ಲಿ ಒಂದು ತಾರೀಕು ಬಿಟ್ಟುಹೋಗಿದೆ, ಅದನ್ನು ನಾನು ಹೇಳಲೇಬೇಕು.

ಉಳುವವನೇ ಹೊಲದೊಡೆಯ ಎಂಬ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ತುರ್ತು ಪರಿಸ್ಥಿತಿ ಬಂದದ್ದು 1975ರ ಜೂನ್ 25ರ ರಾತ್ರಿ. ನಡುವೆ ಹದಿನೈದು ತಿಂಗಳಿಗೂ ಹೆಚ್ಚು ಅಂತರ. ಕಾನೂನನ್ನು ಮಾಡಿದ್ದು ವಿಧಾನಸಭೆ, ವಿರೋಧ ಪಕ್ಷಗಳೂ ಪತ್ರಿಕೆಗಳೂ ಮಾತನಾಡುತ್ತಿದ್ದ ಕಾಲದಲ್ಲಿ. ವಕೀಲರನ್ನು ಹೊರಗಿಟ್ಟ ಟ್ರಿಬ್ಯೂನಲ್ ಕೂಡ ಆ ಕಾನೂನಿನದ್ದೇ. ಅದಕ್ಕೂ ಹಿಂದಕ್ಕೆ ಹೋದರೆ 1961ರ ಭೂಸುಧಾರಣಾ ಕಾಯಿದೆ. ಜಾರಿಗೆ ಬರಲು 1965ರವರೆಗೆ ಕಾಯಬೇಕಾಯಿತು, ತೂತುಗಳಿಂದ ತುಂಬಿದ್ದರೂ ಅದೊಂದು ಮೆಟ್ಟಿಲು. ಇನ್ನೂ ಹಿಂದಕ್ಕೆ, 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹ. ಶಾಂತವೇರಿ ಗೋಪಾಲಗೌಡರು ಅದರಲ್ಲಿದ್ದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮ ಜಿಲ್ಲೆಯಲ್ಲೇ ಕೆಂಬಾವುಟದವರು ಒಕ್ಕಲೆಬ್ಬಿಸುವುದರ ವಿರುದ್ಧ ಎಷ್ಟು ವರ್ಷ ಊರೂರು ತಿರುಗಿದ್ದರು! ಸಭೆ ಸೇರುವ, ಕೂಗುವ, ಚುನಾವಣೆಯಲ್ಲಿ ಸೋಲಿಸುತ್ತೇವೆಂದು ಹೆದರಿಸುವ ಹಕ್ಕಿನಿಂದ ಇಪ್ಪತ್ತು ವರ್ಷಗಳಲ್ಲಿ ಮಾಡಿಸಿಕೊಂಡ ಕೆಲಸ ಅದು. ಅದರ ಹೆಸರು ಹೋದದ್ದು ಆ ಹಕ್ಕುಗಳನ್ನೇ ಅಮಾನತು ಮಾಡಿದ ಇಪ್ಪತ್ತೊಂದು ತಿಂಗಳುಗಳಿಗೆ.

ತುರ್ತು ಪರಿಸ್ಥಿತಿಯೇ ಬಡವರಿಗೆ ಭೂಮಿ ಕೊಟ್ಟದ್ದು ನಿಜವಾಗಿದ್ದರೆ ಉತ್ತರ ಪ್ರದೇಶದಲ್ಲಿಯೂ ಬಿಹಾರದಲ್ಲಿಯೂ ಕೊಡಬೇಕಿತ್ತಲ್ಲ? ಇಪ್ಪತ್ತಂಶದ ಕಾರ್ಯಕ್ರಮ ಅಲ್ಲಿಗೂ ಅದೇ, ಪ್ರಧಾನಿಯೂ ಅವರೇ, ಪೊಲೀಸರಿಗೆ ಸಿಕ್ಕ ಅಧಿಕಾರವೂ ಅಷ್ಟೇ. ಅಲ್ಲಿ ಜನರಿಗೆ ನೆನಪಿರುವುದು ಜಮೀನಲ್ಲ, ನಸ್‌ಬಂದಿ. ಕರ್ನಾಟಕದಲ್ಲಿ ಅಷ್ಟರಲ್ಲಾಗಲೇ ಕಾನೂನು ಸಿದ್ಧವಾಗಿತ್ತು, ಅರಸು ಅವರಂಥ ಮುಖ್ಯಮಂತ್ರಿ ಇದ್ದರು, ಕೇಳುವ ಒಕ್ಕಲುಗಳಿದ್ದರು.

ತಂದೆ ಇದನ್ನೆಲ್ಲ ಅಜ್ಜನಿಗೆ ಹೇಳಿದ್ದರು. ಅಜ್ಜ ತಾರೀಕನ್ನು ಒಪ್ಪಿಕೊಂಡರು, ವಾದವನ್ನು ಒಪ್ಪಲಿಲ್ಲ. "ಕಾನೂನು ಬಂದು ಒಂದೂವರೆ ವರ್ಷ ಆಗಿತ್ತು, ಸರಿ. ಆಗ ಧನಿಗಳು ಹೆದರಿದ್ದರಾ? 'ಇಂಥ ಕಾನೂನು ಎಷ್ಟೋ ಬಂತು, ಹೋಯಿತು' ಎಂದು ನಗುತ್ತಿದ್ದರು. ಎಮರ್ಜೆನ್ಸಿ ಬಂದ ಮೇಲೆ ನಗು ನಿಂತಿತು" ಎಂದರು. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಟ್ರಿಬ್ಯೂನಲುಗಳು ಆ ಎರಡು ವರ್ಷ ಚುರುಕಾಗಿ ನಡೆದದ್ದು ನಿಜ, ಜಮೀನುದಾರರ ಮೇಲೆ ಭಯದ ನೆರಳು ಬಿದ್ದದ್ದೂ ನಿಜ. ಆದರೆ ಆ ಭಯವನ್ನು ಹುಟ್ಟಿಸಿದ್ದು ಯಾರನ್ನೂ ಯಾವಾಗಲೂ ಹಿಡಿಯಬಹುದೆಂಬ ಅಧಿಕಾರ. ಅಂಥ ಅಧಿಕಾರಕ್ಕೆ ಧನಿ ಯಾರು, ಒಕ್ಕಲು ಯಾರು ಎಂಬ ಗುರುತಿಲ್ಲ. ಮುಜಫ್ಫರನಗರದಲ್ಲಿ ಅದು ಒಕ್ಕಲನ್ನೇ ಹಿಡಿಯಿತು.

ಜನರಿಗೆ ವಿಷಯ ಗೊತ್ತಿರಲಿಲ್ಲ, ಪತ್ರಿಕೆಗಳ ಬಾಯಿ ಕಟ್ಟಿತ್ತು, ಅದಕ್ಕೇ ದಕ್ಷಿಣದವರು ಹಾಗೆ ಮತ ಹಾಕಿದರು ಎಂಬ ಸಮಾಧಾನವೊಂದಿದೆ. 1977ರ ಮಟ್ಟಿಗೆ ಅದು ಸ್ವಲ್ಪ ನಿಜವಿರಬಹುದು. ಆದರೆ ಆ ವರ್ಷದ ಮೇ ತಿಂಗಳಲ್ಲಿ ಶಾ ಆಯೋಗ ನೇಮಕವಾಯಿತು. ಅದರ ವಿಚಾರಣೆಗಳು ದಿನದಿನವೂ ಪತ್ರಿಕೆಗಳಲ್ಲಿ ಬಂದವು. ವಿಚಾರಣೆಯಿಲ್ಲದೆ ಒಳಗೆ ಹಾಕಿದವರ ಸಂಖ್ಯೆ ಒಂದು ಲಕ್ಷ ದಾಟುತ್ತದೆಂದು ಗೊತ್ತಾಯಿತು. ಎಲ್ಲ ತಿಳಿದ ಮೇಲೆ, 1978ರ ಫೆಬ್ರವರಿಯಲ್ಲಿ, ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ 149ನ್ನು ಜನ ಇಂದಿರಾ ಕಾಂಗ್ರೆಸ್ಸಿಗೇ ಕೊಟ್ಟರು. ಅದೇ ನವೆಂಬರಿನಲ್ಲಿ ಚಿಕ್ಕಮಗಳೂರು ಇಂದಿರಾ ಅವರನ್ನು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಲೋಕಸಭೆಗೆ ಕಳಿಸಿತು. ಗೊತ್ತಿಲ್ಲದಿರುವುದು ಒಂದು, ಗೊತ್ತಿದ್ದೂ ಅದು ತನ್ನ ಲೆಕ್ಕಕ್ಕೆ ಬಾರದಿರುವುದು ಇನ್ನೊಂದು.

ನನ್ನನ್ನು ಕಾಡುವುದು ಈ ಎರಡನೆಯದು. 2017ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ಸಂಸತ್ತು ಮತ್ತು ನ್ಯಾಯಾಲಯಗಳ ಅಡ್ಡಿಯಿಲ್ಲದೆ ನಿರ್ಧಾರ ಕೈಗೊಳ್ಳುವ ಬಲಿಷ್ಠ ನಾಯಕನ ಆಡಳಿತ ಒಳ್ಳೆಯದೆಂದು ಭಾರತದ ಶೇಕಡಾ 55 ಮಂದಿ ಹೇಳಿದ್ದರು. ಇವರಲ್ಲಿ ಎಷ್ಟು ಮಂದಿ ನನ್ನ ಅಜ್ಜನಂಥವರು, ಎಷ್ಟು ಮಂದಿ ನನ್ನ ಮಾವನಂಥವರು? ಅಜ್ಜನಂಥವರಾದರೆ ಅವರ ಊರಿನ ಧನಿ ಯಾರೆಂದು ಮೊದಲು ನಾವು ಕೇಳಬೇಕು. ನ್ಯಾಯಾಲಯ, ಕಚೇರಿ, ಪತ್ರಿಕೆ ಯಾವುದೂ ತನ್ನ ಪಾಲಿಗೆ ಕೆಲಸ ಮಾಡದಿದ್ದಾಗ ಅವುಗಳನ್ನು ಮುಚ್ಚಿದವನ ಮೇಲೆ ಬಡವನಿಗೆ ಸಿಟ್ಟು ಬರುವುದಿಲ್ಲ. ಮಾವನಂಥವರಾದರೆ ಮಾತು ಬೇರೆ. ಈಚಿನ ವರ್ಷಗಳಲ್ಲಿ ಕೆಲವು ರಾಜ್ಯಗಳಲ್ಲಿ ಆರೋಪಿಗಳ ಮನೆ ಮೇಲೆ ಬುಲ್ಡೋಜರ್ ಹರಿಸಿದಾಗ ಚಪ್ಪಾಳೆ ತಟ್ಟಿದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಯಾರಿಗೂ ಭೂಮಿ ಸಿಕ್ಕಿರಲಿಲ್ಲ. ನೋಟಿಸು ಕೊಡದೆ, ಅಹವಾಲು ಕೇಳದೆ ಹೀಗೆ ಕೆಡವುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟು 2024ರ ನವೆಂಬರ್ 13ರಂದು ಹೇಳಿತು. ತುರ್ಕ್‌ಮಾನ್ ಗೇಟ್ ಆಗಿ 48 ವರ್ಷಗಳ ಮೇಲೆ.

ಶಾ ಆಯೋಗದ ವರದಿಗಳು ಪತ್ರಿಕೆಯಲ್ಲಿ ಬರುತ್ತಿದ್ದ ದಿನಗಳಲ್ಲಿ ನನ್ನ ತಂದೆ ಸಂಜೆ ಮನೆಗೆ ಬಂದು ಅವನ್ನು ಗಟ್ಟಿಯಾಗಿ ಓದುತ್ತಿದ್ದರು. ಅಜ್ಜ ಎಲೆಯಡಿಕೆ ಜಗಿಯುತ್ತ ಕೇಳಿದರೂ ಕೇಳದವರಂತೆ ಇರುತ್ತಿದ್ದರು. ಒಂದು ಸಂಜೆ ಬ್ಯಾರಿಯವರೂ ಬಂದು ಜಗಲಿಯಲ್ಲಿ ಕೂತಿದ್ದರು. ತಂದೆ ತುರ್ಕ್‌ಮಾನ್ ಗೇಟಿನ ಭಾಗವನ್ನು ಓದಿದರು. ತಮ್ಮ ಹೇಳಿದಾಗ ಬೈದು ಬಾಯಿ ಮುಚ್ಚಿಸಿದ ಸುದ್ದಿ ಈಗ ಅಚ್ಚಾಗಿ ಬಂದಿತ್ತು. ಓದಿ ಮುಗಿದ ಮೇಲೆ ಬ್ಯಾರಿಯವರು ಕೇಳಿದ ಪ್ರಶ್ನೆ ಸಂಜಯ ಗಾಂಧಿಯ ಬಗ್ಗೆಯೂ ಅಲ್ಲ, ಸತ್ತವರ ಬಗ್ಗೆಯೂ ಅಲ್ಲ.

"ಅವರು ಅಲ್ಲಿ ಎಷ್ಟು ವರ್ಷದ ಒಕ್ಕಲಂತೆ?"

"ಒಕ್ಕಲು ಅಲ್ಲ, ಮನೆ ಅವರದ್ದೇ. ಅಜ್ಜ, ಮುತ್ತಜ್ಜನ ಕಾಲದಿಂದ ಅಲ್ಲೇ ಇದ್ದವರು" ಎಂದರು ತಂದೆ.

ಬ್ಯಾರಿಯವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಚೀಟಿ ಇರಲಿಲ್ಲವಾ?" ಎಂದು ಕೇಳಿದರು. ಗೇಣಿ ಚೀಟಿ ಇಲ್ಲದೆ ಕೇಸು ಸೋತ ಒಕ್ಕಲುಗಳನ್ನು ಅವರು ಟ್ರಿಬ್ಯೂನಲಿನಲ್ಲಿ ಕಂಡಿದ್ದರು. ಇದ್ದವರಿಗೂ ಪ್ರಯೋಜನವಾಗಲಿಲ್ಲ ಎಂದು ತಂದೆ ಹೇಳಿದರು. ಅಜ್ಜ ಎದ್ದು ಅಂಗಳದ ಕೊನೆಗೆ ಹೋಗಿ ಉಗುಳಿ ಬಂದರು. ಮಾತು ಅಲ್ಲಿಗೆ ನಿಂತಿತು. ಮರುವರ್ಷ ಫೆಬ್ರವರಿಯ ಚುನಾವಣೆಗೆ ಇಬ್ಬರೂ ಜೊತೆಯಾಗಿಯೇ ಗದ್ದೆಯ ಹುಣಿ ದಾಟಿ ಮತಗಟ್ಟೆಗೆ ಹೋದರು. ಹಸು-ಕರು ಹೋಗಿ ಆ ಸಲ ಹಸ್ತದ ಗುರುತು ಬಂದಿತ್ತು. ಅಜ್ಜ ಅದಕ್ಕೇ ಹಾಕಿದೆನೆಂದು ಬಂದು ಹೇಳಿದರು. ಬ್ಯಾರಿಯವರನ್ನು ತಂದೆ ಕೇಳಲಿಲ್ಲ, ಅವರೂ ಹೇಳಲಿಲ್ಲ.